ಜೇಬಿನೊಳಗಿನ ಚೀಟಿ

"ಫಾದರ್, ನಾನು ಹೊಲಿದ ಅಂಗಿ ತೊಟ್ಟ ಪರದೇಶದ ಮಕ್ಕಳು ಬರೆಯೋ ಕಾಗದ ಹೊತ್ತೂ ಹೊತ್ತೂ ಮೂವರು ಅಂಚೆಯವರ ಸೊಂಟ ಮುರಿದಿದೆ!" ಸ್ವಾಗತದ ಹೂಗುಚ್ಛ ಕೊಡುವುದನ್ನೂ ಮರೆತು ದರ್ಜಿ ಅಜ್ಜಿ ಹೊಸ ಪಾದ್ರಿಯ ಮುಂದೆ ಕೊಚ್ಚಿಕೊಂಡಳು.

"ಹೊರಟಿತಪ್ಪಾ ಅಜ್ಜಿಯ ರೈಲು!" ಎಂದು ಯಾರೋ ಕೂಗಿದರು. ಚರ್ಚಿನ ಛಾವಣಿ ಹಾರಿಹೋಗುವಷ್ಟು ನಗು.

ಪಾದ್ರಿ ಮಾತ್ರ ನಗಲಿಲ್ಲ. "ಆ ಪರದೇಶದಲ್ಲಿ ನೀವು ಕಳಿಸಿದ ಪೆಟ್ಟಿಗೆ ಬಿಚ್ಚಿ ಮಕ್ಕಳಿಗೆ ಅಂಗಿ ಹಂಚ್ತಿದ್ದವನು ನಾನೇ ಅಜ್ಜಿ" ಎಂದು ಮಡಿಸಿದ ಚೀಟಿಯೊಂದನ್ನು ತೆಗೆದರು. ಅದರಲ್ಲಿ ಅವಳ ವಿಳಾಸ, ಕೆಳಗೆ ಅವಳದೇ ಸೊಟ್ಟ ಅಕ್ಷರ: 'ಮಗಾ, ಒಂದು ಸಾಲು ಬರಿ.' "ಪ್ರತಿ ಜೇಬಲ್ಲೂ ಇದಿರ್ತಿತ್ತು. ಆದ್ರೆ ಅಲ್ಲಿ ನಮ್ಮ ಭಾಷೆ ಓದೋಕೆ ಬರ್ತಿದ್ದುದು ನನಗೊಬ್ಬನಿಗೇ."

ಹೂಗುಚ್ಛ ಅಜ್ಜಿಯ ಕೈಯಲ್ಲೇ ಉಳಿದಿತ್ತು. "ಒಂದೂ ಬಂದಿಲ್ಲಪ್ಪಾ," ಎಂದಳು ಮೆಲ್ಲಗೆ. "ನಮ್ಮನೆ ಬಾಗಿಲು ಯಾವ ಬಣ್ಣ ಅಂತಾನೂ ಅಂಚೆಯವನಿಗೆ ಗೊತ್ತಿಲ್ಲ."