ಮಲತಂದೆಯ ಪಾಲಿನ ಹುರಿದ ಮೀನು

ಮಲತಂದೆಯ ಪಾತ್ರದ ಬೋಟ್ವೆ ಅನಾಥ ಹುಡುಗಿಯ ಬಟ್ಟಲನ್ನು ಒದ್ದದ್ದೇ ತಡ, ಮುಂದಿನ ಸಾಲಿನಿಂದ ಪ್ರೇಕ್ಷಕಿ ಮಾಮೆ ಅರಾಬಾ ಹುರಿದ ಮೀನು ಹಿಡಿದು ರಂಗವೇರಿದರು. “ತಿನ್ನು ಕಂದಾ, ಆ ರಾಕ್ಷಸನ್ನ ನಾನು ನೋಡ್ಕೋತೀನಿ.”

ಬೋಟ್ವೆ ಅವರ ಗುರುತು ಹಿಡಿದ. ಬರುವ ಭಾನುವಾರ ಅವನ ಹಿರಿಯರು ವಾಡಿಕೆಯಂತೆ ಜಿನ್ ಮದ್ಯದ ಸೀಸೆ ಹಿಡಿದು ಹೆಣ್ಣು ಕೇಳಲು ಹೋಗುವುದು ಇವರ ಮನೆಗೇ. ಪ್ರೇಕ್ಷಕರು ಕೊಟ್ಟದ್ದನ್ನು ಮಲತಂದೆ ಕಿತ್ತುಕೊಳ್ಳುವುದು ಪ್ರತಿ ಊರಿನಲ್ಲೂ ನಡೆದುಬಂದ ಆಟ. ಆದರೆ ಇಂದು ಅವನು ಮೆಲ್ಲಗೆ ಕುಳಿತು, ಮುಳ್ಳು ತೆಗೆದು ಹುಡುಗಿಗೆ ತಿನ್ನಿಸತೊಡಗಿದ. ಜನ ಹೋ ಎಂದು ಕೂಗಿ ಗೇಲಿ ಮಾಡಿದರು.

ಮಾಮೆ ಅರಾಬಾ ಬಗ್ಗಿ ಅವನ ಕಿವಿಯಲ್ಲಿ ಗದರಿದರು. “ಏನೋ ಇದು? ಮಾಡೋ ಕೆಲ್ಸ ನೆಟ್ಟಗೆ ಮಾಡ್ದೇ ಇರೋನಿಗೆ ಮಗಳ್ನ ಕೊಡ್ಲಾ? ಕಿತ್ಕೊಳ್ಳೋ!”

ಬೋಟ್ವೆ ಮೀನನ್ನು ಕಿತ್ತು, ತಲೆಯಿಂದ ಬಾಲದವರೆಗೆ ಬಾಯಿಗೆ ತುರುಕಿಕೊಂಡ. ಮಾಮೆ ಅರಾಬಾ ಜನರತ್ತ ತಿರುಗಿ ಹೆಮ್ಮೆಯಿಂದ ಕಿರುಚಿದರು: “ನೋಡ್ರಪ್ಪಾ, ಎಂಥಾ ಪಾಪಿ ನನ್ನ ಅಳಿಯ!”