ದೀಪದ ಪಕ್ಕದ ಕ್ಲ್ಯಾಪ್ ಹಲಗೆ

ದನಿಗಳು ತುಟಿ ಬಿಟ್ಟು ಅಲೆಯತೊಡಗಿದ ಮೇಲೆ, ಪ್ರತಿ ಮನೆಯಲ್ಲೂ ದೇವರ ದೀಪದ ಪಕ್ಕ ಸಿನಿಮಾದವರು ದನಿ-ಚಿತ್ರ ಹೊಂದಿಸಲು ಬಡಿಯುವಂಥ ಒಂದು ಕ್ಲ್ಯಾಪ್ ಹಲಗೆ ಇರುತ್ತಿತ್ತು. ಬಡಿದರೆ ಯಾರ ದನಿ ಅವರ ತುಟಿಗೆ ಬಂದು ಕೂರುತ್ತಿತ್ತು.

ಗಿರಿಜೆಯನ್ನು ನೋಡಲು ಚನ್ನವೀರ ತಾಯಿಯೊಂದಿಗೆ ಬಂದಿದ್ದ. “ಹುಡುಗಿ ಮನಸ್ಸಿಗೆ ಬಂದಾಳ್ರೀ,” ಎಂದು ಅವನ ತುಟಿ ಆಡಿತು. ದನಿ ತುಸು ತಡವಾಗಿ ಬಂತು. ಗಿರಿಜೆಯ ಅಜ್ಜಿ ಶಿವಲಿಂಗವ್ವನಿಗೆ ಅನುಮಾನ ಹುಟ್ಟಿತು.

“ಹಲಗಿ ಬಡೀಲೇನ್ರೀ, ಬೀಗ್ತಿ?”

“ಮನ್ಯಾಗ ಬಡದೇ ಬಂದೇವ್ರೀ. ನಂಬಿಕಿ ಇಲ್ಲೇನು?” ಎಂದಳು ಹುಡುಗನ ತಾಯಿ.

“ನಂಬಿಕಿ ಶಿವನ ಮ್ಯಾಲ ಐತಿ ಯವ್ವಾ. ಹಲಗಿ ಇರೋದು ಮಂದಿಗೆ.”

ಅಜ್ಜಿ ದೀಪಕ್ಕೆ ಕೈಮುಗಿದು ಹಲಗೆ ಬಡಿದಳು. “ಈಗ ಹೇಳಪಾ.”

ಚನ್ನವೀರನ ತುಟಿ ಆಡಿತು, ಸದ್ದಿಲ್ಲ. “ಹುಡುಗಿ ಮನಸ್ಸಿಗೆ ಬಂದಾಳ್ರೀ,” ಎಂಬ ಅದೇ ದನಿ ತಾಯಿಯ ಬಾಯಿಂದ ಬಂತು.

ಗಿರಿಜೆ ಅವನ ಮುಂದಿನ ಚಹದ ಬಟ್ಟಲನ್ನು ಎತ್ತಿ ತಾಯಿಯ ಮುಂದಿಟ್ಟಳು.