ಮರದ ಹದ್ದಿಗೆ ಗುಂಡು ಹೊಡೆದ ಮಧ್ಯಾಹ್ನ

ಪಟಾಕಿ ಮದ್ದಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಅಮೆರಿಕದ ಮಾರ್ಗನ್ ಹಿಲ್‌ನ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಪಕ್ಕದ ಮನೆಯ ಜರ್ಮನ್ ತಾತ ತಮ್ಮವರ ಗುರಿ ಹೊಡೆಯುವ ಹಬ್ಬಕ್ಕೆ ನಮ್ಮನ್ನೆಲ್ಲ ಕರೆದಿದ್ದರು. ಎತ್ತರದ ಕಂಬದ ಮೇಲೆ ಬಣ್ಣ ಬಳಿದ ಮರದ ಹದ್ದನ್ನು ಕೂರಿಸಿದ್ದರು. ಅದರ ಕೊನೆಯ ಚೂರನ್ನು ಬೀಳಿಸಿದವನೇ ಆ ವರ್ಷದ ರಾಜ. "ಕೊಡಗಲ್ಲಿ ತೆಂಗಿನಕಾಯಿಗೆ ಗುಂಡು ಹೊಡೀತಾರಲ್ಲ, ಥೇಟ್ ಹಂಗೇ!" ಎಂದು ಅಪ್ಪ ಖುಷಿಪಟ್ಟರು.

ಮೊದಲ ಗುಂಡು ಹಾರಿದ್ದೇ ತಡ, ನಾನು ಪುಟ್ಟ ತಮ್ಮನನ್ನು ಎಳೆದುಕೊಂಡು ಊಟದ ಮೇಜಿನಡಿ ನುಸುಳಿದೆ. ಮೇಜಿನ ಬಟ್ಟೆ ಹುಲ್ಲಿನವರೆಗೂ ಇಳಿಬಿದ್ದಿತ್ತು. ಅವನು ಅಳಲು ಬಾಯಿ ತೆರೆದಾಗ ಅಂಗೈಯಿಂದ ಒತ್ತಿ ಮುಚ್ಚಿದೆ. ಅವನ ಬಿಸಿಯುಸಿರು, ಜೊಲ್ಲು ನನ್ನ ಬೆರಳಿಗೆ ಅಂಟುತ್ತಿತ್ತು. ಪ್ರತಿ ಗುಂಡಿಗೂ ಹೊರಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಯಾಕೆಂದು ನನಗೆ ತಿಳಿಯಲಿಲ್ಲ.

ಅಮ್ಮ ನಮ್ಮ ಹೆಸರು ಕೂಗುತ್ತ ಮೇಜಿನ ಪಕ್ಕದಲ್ಲೇ ಓಡಾಡಿದಳು. ಬರಬರುತ್ತ ಅವಳ ದನಿ ನಡುಗತೊಡಗಿತು. ನಾನು ಉಸಿರು ಬಿಗಿಹಿಡಿದೆ. ಕೊನೆಗೆ ಬಟ್ಟೆ ಎತ್ತಿ ನೋಡಿದವಳು ಹೊಡೆಯಲು ಕೈಯೆತ್ತಿದಳು.

"ಅಷ್ಟು ಕೂಗಿದ್ರೂ ಯಾಕೇ ಮಾತಾಡ್ಲಿಲ್ಲ?"

"ಶೂಟಿಂಗ್ ಆದ್ರೆ ಯಾರು ಕರೆದ್ರೂ ಆನ್ಸರ್ ಮಾಡ್ಬಾರ್ದು. ಮಮ್ಮಿ ವಾಯ್ಸ್ ಆದ್ರೂ. ಸ್ಕೂಲಿಗೆ ಯಾರಾದ್ರೂ ಗನ್ ತಂದ್ರೆ ಹೇಗೆ ಬಚ್ಚಿಟ್ಕೋಬೇಕು ಅಂತ ಡ್ರಿಲ್ ಮಾಡಿಸ್ದಾಗ ಟೀಚರ್ ಹೇಳಿದಾರೆ."

ಅಮ್ಮನ ಕೈ ಹಾಗೇ ಇಳಿಯಿತು. ಅವಳೂ ಬಗ್ಗಿ ಮೇಜಿನಡಿ ಬಂದಳು. ನಮ್ಮಿಬ್ಬರನ್ನೂ ಎದೆಗೊತ್ತಿಕೊಂಡು, ಬಟ್ಟೆಯನ್ನು ಮತ್ತೆ ಕೆಳಗೆ ಎಳೆದಳು.